ನಾಲ್ಕು ಥರದ ಅಡ್ಡಿ ಇಲ್ಲ

“ಏ, ಅಡ್ಡಿ ಇಲ್ಲಬೇ ಅಕಿ!” ಅಂದಳು ಹೆಡ್‌ಫೋನಿನೊಳಗಿನ ಮುದುಕಿ. ಹಿಂದೆಯೇ ಅಂಗೈ ಮೇಲೆ ಅಂಗೈ ಬಡಿದ ಸದ್ದೂ ಕೇಳಿಸಿತು. ರಾಜಶ್ರೀ ಹೆಡ್‌ಫೋನು ಕಿತ್ತು ಮೇಜಿನ ಮೇಲಿಟ್ಟು ಕಂಪ್ಯೂಟರಿನ ಪರದೆ ನೋಡಿದಳು. ಪಂಚಾಯಿತಿ ಅಧ್ಯಕ್ಷೆ ಸೋಮವ್ವನ ಬಗ್ಗೆ ಮುದುಕಿಯ ಇಷ್ಟೆಲ್ಲ ಉತ್ಸಾಹದ ಮುಂದೆ ಒಂದೇ ಪದ ಬಿದ್ದಿತ್ತು: ತಟಸ್ಥ.

“ಅರ್ಷದ ಭಾಯಿ, ಸ್ವಲ್ಪ ಇಲ್ಲಿ ಬರ್ರಿ. ಈ ಮುದುಕಿ ಮಾತು ಕೇಳ್ರಿ. ಇಕಿ ತಟಸ್ಥ ಅದಾಳೇನು?”

ಅರ್ಷದ ಇಳಕಲ್ಲಿನವನು. ಟ್ಯಾಬು ಹಿಡಿದು ಊರೂರು ತಿರುಗಿ ಜನರ ಅಭಿಪ್ರಾಯ ಕೇಳಿ ಬರುವ ಹುಡುಗ ಹುಡುಗಿಯರಿಗೆಲ್ಲ ಅವನೇ ಮೇಸ್ತ್ರಿ. ಹೆಡ್‌ಫೋನು ಕಿವಿಗಿಟ್ಟು ಒಮ್ಮೆ ಕೇಳಿದ, ಮತ್ತೊಮ್ಮೆ ಕೇಳಿದ, ಆಮೇಲೆ ಖೊಳ್ಳೆಂದು ನಕ್ಕುಬಿಟ್ಟ. “ತಟಸ್ಥ? ಈ ಅವ್ವನ್ನ ಸೋಮವ್ವನ ಪ್ರಚಾರಕ್ಕ ಕಳಿಸಿದ್ರ ಊಟಾ ಬಿಟ್ಟು ತಿರಗತಾಳ, ತಂಗಿ!”

“ಮತ್ತ ನಮ್ಮ ಹುಡುಗರು ತಟಸ್ಥ ಅನ್ನೋ ಮೂರನೇ ಗುಂಡಿ ಯಾಕ ಒತ್ಯಾರ?”

“ನೀನಽ ಹೇಳಿದ್ಯಲ್ಲ, ಅಡ್ಡಿ ಇಲ್ಲ ಅಂದ್ರ ಮೂರು ಒತ್ತರಿ ಅಂತ.”

ಹೇಳಿದ್ದೇನೋ ರಾಜಶ್ರೀಯೇ, ಹೇಳಿಸಿದ್ದು ಬೆಂಗಳೂರು.

ಜನಾಭಿಪ್ರಾಯ ಸಂಗ್ರಹಿಸುವ ಬೆಂಗಳೂರಿನ ಸಂಸ್ಥೆಯೊಂದು ನವನಗರದಲ್ಲಿ, ಝೆರಾಕ್ಸ್ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದಿತ್ತು. ಅಲ್ಲಿ ರಾಜಶ್ರೀ ಕಿರಿಯ ರಾಜಕೀಯ ವಿಶ್ಲೇಷಕಿ. ಆ ಹೆಸರು ಕೇಳಿ ಅವಳ ಊರಾದ ಕಮತಗಿಯ ಮಂದಿ ಅವಳೇನೋ ಮಂತ್ರಿಗಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾಳೆ ಅಂದುಕೊಂಡಿದ್ದರು. ಕೆಲಸವೇನಪ್ಪಾ ಅಂದರೆ, ಜನ ಅಂದದ್ದನ್ನೆಲ್ಲ ಗುಡ್ಡೆ ಹಾಕಿ, ಗಾಳಿ ಯಾರ ಕಡೆಗೆ ಬೀಸುತ್ತಿದೆ ಅಂತ ವರದಿ ಬರೆಯುವುದು. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿಯೂ ಸೋದರಮಾವ ನಿಂಗರಾಜನ ಗೊಬ್ಬರದ ಅಂಗಡಿಯಲ್ಲಿ ಯೂರಿಯಾದ ಬಿಲ್ಲು ಬರೆಯುತ್ತಿದ್ದವಳಿಗೆ ಈ ಕೆಲಸ ಸಿಕ್ಕಾಗ ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು. ಆದರೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಈ ವರದಿ ಕ್ಲೈಂಟಿಗೆ ಒಪ್ಪಿಗೆಯಾದರೆ ಖಾಯಂ, ಇಲ್ಲದಿದ್ದರೆ ಮತ್ತೆ ಯೂರಿಯಾ.

ವರದಿ ಮಾಡಿಸುತ್ತಿದ್ದವರು ಅಮಸಿದ್ದಪ್ಪ. ಹುನಗುಂದ ಕಡೆಯ ದೊಡ್ಡ ಕುಳ, ಎರಡು ಸಲ ಜಿಲ್ಲಾ ಪಂಚಾಯಿತಿ ಸದಸ್ಯರಾದವರು. ಚುನಾವಣೆ ಇಂದು ನಾಳೆ ಅಂತ ಮುಂದೆ ಹೋಗುತ್ತಲೇ ಇದ್ದರೂ, ಮೂರನೆಯ ಸಲ ನಿಲ್ಲಲು ಆಗಲೇ ತೊಡೆ ತಟ್ಟಿ ಕೂತಿದ್ದರು. ಜನ ತಮ್ಮ ಬಗ್ಗೆ ಏನನ್ನುತ್ತಾರೆ ಅಂತ ಅವರಿಗೆ ತಿಳಿಯಬೇಕಿತ್ತು. ಹೋಲಿಸಿ ನೋಡಲು ಇನ್ನೊಂದು ಹೆಸರಿರಲಿ ಅಂತ ಬೆಂಗಳೂರಿನವರು ಅವರ ಸೊಸೆ ಸೋಮವ್ವನ ಹೆಸರನ್ನೂ ಪ್ರಶ್ನೆಗಳಲ್ಲಿ ಸೇರಿಸಿದ್ದರು. ಊರಿನ ಸ್ಥಾನ ಮಹಿಳೆಗೆ ಮೀಸಲಾದಾಗ, ಬೇರೆಯವರ ಪಾಲಾಗುವುದು ಬೇಡ ಅಂತ ಮಾವನೇ ಸೊಸೆಯನ್ನು ಗ್ರಾಮ ಪಂಚಾಯಿತಿಗೆ ನಿಲ್ಲಿಸಿದ್ದರು. ಆಕೆ ಈಗ ಅಧ್ಯಕ್ಷೆ.

ಇಬ್ಬರ ಬಗ್ಗೆಯೂ ಅರ್ಧದಷ್ಟು ಮಂದಿ ಕೊಟ್ಟ ಉತ್ತರ ಒಂದೇ: ಅಡ್ಡಿ ಇಲ್ಲ. ಬೆಂಗಳೂರಿನ ಪಟ್ಟಿಯ ಪ್ರಕಾರ ಅಡ್ಡಿ ಇಲ್ಲ ಅಂದರೆ ಅಭ್ಯಂತರ ಇಲ್ಲ, ಅಭ್ಯಂತರ ಇಲ್ಲದವರು ತಟಸ್ಥರು. ಹೀಗೆ ಮಾವ ಸೊಸೆ ಸರಿಸಮ ಬಂದರು. ‘ಅನುಭವಿಗಳಾದ ತಾವೇ ಸ್ಪರ್ಧಿಸುವುದು ಸೂಕ್ತ’ ಅಂತ ವರದಿಯ ಕಡೆಯ ಸಾಲೂ ತಯಾರಾಯಿತು. ಮರುದಿನ ಮುಂಜಾನೆ ಅಮಸಿದ್ದಪ್ಪ ಬಂದು ಅದನ್ನು ಕೇಳುವವರಿದ್ದರು.

ರಾಜಶ್ರೀ ಬೆಂಗಳೂರಿನ ಮೇಡಂಗೆ ಫೋನು ಹಚ್ಚಿದಳು. ಅವರೊಂದಿಗೆ ಮಾತಾಡುವಾಗ ಅವಳ ನಾಲಿಗೆಯೇ ಬೇರೆ.

“ಮೇಡಂ, ಅಡ್ಡಿ ಇಲ್ಲ ಅಂದ್ರೆ ನಮ್ಮ ಕಡೆ ತಟಸ್ಥ ಅಂತ ಅಲ್ಲ ಮೇಡಂ.”

“ಮತ್ತೆ? ಚೆನ್ನಾಗಿದೆ ಅಂತಾನಾ?”

“ಕೆಲವು ಸಲ ಹೌದು ಮೇಡಂ.”

“ಇನ್ನು ಕೆಲವು ಸಲ?”

“ಚೆನ್ನಾಗಿಲ್ಲ ಅಂತ.”

ಪಾಪ, ಮೇಡಂ ಮೈಸೂರಿನವರು; ಇಂಥ ಮಾತಿಗೆ ಏನಂತ ತಿಳಿಯಬೇಕು! ಆದರೆ ಮನುಷ್ಯಳು ಒಳ್ಳೆಯವರು. “ನೋಡಿ ರಾಜಶ್ರೀ, ನೀವು ಹೇಳೋದು ಸರಿ ಇರಬಹುದು. ಆಡಿಯೋ ಎಲ್ಲಾ ಕೇಳಿ, ತಪ್ಪಿದ್ರೆ ಬದಲಾಯಿಸಿ. ಆದ್ರೆ ನಾಳೆ ಕ್ಲೈಂಟ್ ಎದುರಿಗೆ ನೀವೇ ವಿವರಿಸಬೇಕು. ಅವರು ಬೇಡ ಅಂತ ಎದ್ದು ಹೋದ್ರೆ, ನಿಮ್ಮನ್ನ ಉಳಿಸ್ಕೊಳ್ಳೋದು ನನ್ನ ಕೈಲಿ ಆಗಲ್ಲ,” ಅಂದರು.

“ಇಸ್ತ್ರಿ ಹಾಕಿದ ಕನ್ನಡ ಮುಗೀತೇನು?” ಅಂದ ಅರ್ಷದ. “ಮುಗಿದ್ರ ಚುರಮುರಿ ಮಿರ್ಚಿ ತರಸ್ತೇನಿ. ಹೊಟ್ಟಿ ತುಂಬಿದ್ರ ಕಿವಿ ಚಲೋ ಕೇಳಸ್ತಾವು.”

ಇಬ್ಬರೂ ಒಂದೇ ಹೆಡ್‌ಫೋನಿನ ಒಂದೊಂದು ಕಿವಿ ಹಂಚಿಕೊಂಡು ಕೂತರು. ಒಂದಾದ ಮೇಲೊಂದು ದನಿ ಬಂದಂತೆ ರಾಜಶ್ರೀಗೆ ತನ್ನ ಊರೇ ಕೋಣೆಯೊಳಗೆ ನುಗ್ಗಿದಂತಾಯಿತು. ಒಬ್ಬ ‘ಅಡ್ಡಿ ಇಲ್ಲಪಾ’ ಅಂತ ಎದೆ ತುಂಬಿ ಹೇಳಿದರೆ, ಇನ್ನೊಬ್ಬ ಪ್ರಶ್ನೆ ಮುಗಿಯುವ ಮೊದಲೇ ‘ಹಾಂ ಹಾಂ ಅಡ್ಡಿ ಇಲ್ಲ’ ಅಂತ ಎಮ್ಮೆ ಹಿಂದೆ ಓಡಿದ. ಮತ್ತೊಬ್ಬಳು ಪಿಸುಗುಟ್ಟಿದಳು; ಯಾರೋ ದೊಡ್ಡವರು ಪಕ್ಕದಲ್ಲೇ ನಿಂತಿದ್ದಿರಬೇಕು. “ಇದು ಯಾವ ಕಡಿಗಿ?” ಅಂತ ರಾಜಶ್ರೀ ಕೇಳುವುದು, “ಥೂ, ಇದು ಒಲ್ಲೆ ಅನ್ನೋದು, ಮರ್ಯಾದಿಲೆ ಅಂದಾನ,” ಅಂತ ಅರ್ಷದ ಹೇಳುವುದು. ಜಗಳವೂ ಆಯಿತು. ಕೆಲವನ್ನು ಏನೆಂದೂ ತಿಳಿಯದೆ ಹಾಗೇ ಬಿಟ್ಟರು. ಸಂಜೆ ಲೆಕ್ಕ ಮೂಡಿದಾಗ ರಾಜಶ್ರೀಯ ಕೈಯೊಳಗಿನ ಮಿರ್ಚಿ ಕೈಯಲ್ಲೇ ಉಳಿಯಿತು. ಸೊಸೆಯ ಅಡ್ಡಿ ಇಲ್ಲಗಳು ಬಹುಪಾಲು ಎದೆ ತುಂಬಿದವು. ಮಾವನವು ಬಹುಪಾಲು ಮರ್ಯಾದೆಯವು.

“ಯಪ್ಪಾ! ಇದನ್ನ ಅವರ ಮಾರಿ ಮುಂದ ಹೇಳೋರು ಯಾರ್ರಿ?” ಅಂದಳು.

“ನಾನಂತೂ ಅಲ್ಲಬೇ,” ಅಂದ ಅರ್ಷದ.

ಮರುದಿನ ಅಮಸಿದ್ದಪ್ಪ ಹಣೆ ತುಂಬ ಬೀರಪ್ಪನ ಅರಿಸಿನದ ಭಂಡಾರ ಬಳಿದುಕೊಂಡು, ತಲೆಗೆ ಹಳದಿ ಪಟಕಾ ಸುತ್ತಿಕೊಂಡು ಹಾಜರಾದರು. ಬಂದವರೇ ಕುರ್ಚಿ ತುಂಬ ಕೂತು, “ಹೇಳವಾ ಮಗಳ, ನಾ ಗೆದ್ನೋ ಇಲ್ಲೋ?” ಅಂತ ನಕ್ಕರು. ಎದುರಿನ ಲ್ಯಾಪ್‌ಟಾಪಿನಲ್ಲಿ ಬೆಂಗಳೂರಿನ ಮೇಡಂ ಕೈ ಮುಗಿದರು.

ರಾಜಶ್ರೀ ಬಾಯಿಪಾಠ ಮಾಡಿದ್ದನ್ನು ಶುರು ಮಾಡಿದಳು. “ಸರ್, ಪ್ರತಿಕ್ರಿಯೆಗಳ ವರ್ಗೀಕರಣದಲ್ಲಿ ಒಂದು ಭಾಷಿಕ ಸಮಸ್ಯೆ ಕಂಡುಬಂದಿದೆ. ಅಡ್ಡಿ ಇಲ್ಲ ಎಂಬ ಪದವು...”

“ಏನಂದಿ?” ಅಮಸಿದ್ದಪ್ಪ ಕಿವಿಗೆ ಕೈ ಹಚ್ಚಿದರು. “ಕನ್ನಡದಾಗ ಹೇಳ ತಂಗಿ.”

ಅರ್ಷದ ನಗು ತಡೆಯಲಾರದೆ ಕಿಟಕಿ ಕಡೆ ತಿರುಗಿದ. ಜನರ ದನಿಯನ್ನೇ ಕೇಳಿಸಿಬಿಟ್ಟರೆ ಕೆಲಸ ಸುಲಭವಿತ್ತು. ಆದರೆ ನಿಮ್ಮ ಮಾತನ್ನು ಯಾರಿಗೂ ಕೇಳಿಸುವುದಿಲ್ಲ ಅಂತ ಎಲ್ಲರಿಗೂ ಮಾತು ಕೊಟ್ಟಾಗಿತ್ತು. ರಾಜಶ್ರೀ ಒಮ್ಮೆ ಮೇಡಂ ಮುಖ ನೋಡಿದಳು, ಒಮ್ಮೆ ಮುದುಕರ ಮುಖ ನೋಡಿದಳು. ಆಗಿದ್ದಾಗಲಿ ಅಂತ ವೇಲು ಸೊಂಟಕ್ಕೆ ಕಟ್ಟಿದಳು.

“ಕಾಕಾರ, ನಮ್ಮ ಕಡೆ ಅಡ್ಡಿ ಇಲ್ಲ ನಾಲ್ಕು ಥರಾ ಇರ್ತಾವ್ರಿ. ಒಂದನೇದು, ಹಿಂಗ.” ಕತ್ತು ಹೊರಳಿಸಿ, ಅಂಗೈ ಮೇಲೆ ಅಂಗೈ ಬಡಿದು, “ಏ, ಅಡ್ಡಿ ಇಲ್ಲಬೇ!” ಅಂದಳು. “ಎರಡನೇದು, ಕೆಲಸದ ಗಡಿಬಿಡಿಯೊಳಗ ಇರೋರದು. ಹಾಂ ಹಾಂ, ಅಡ್ಡಿ ಇಲ್ಲ, ಏ ಎಮ್ಮಿ, ಹೋಯ್!” ಅನ್ನುತ್ತ ಮೇಜಿನ ಸುತ್ತ ಎಮ್ಮೆ ಹಿಂದೆ ಓಡಿದಳು. “ಮೂರನೇದು ಅಂಜಿದವ್ರದು.” ಅತ್ತಿತ್ತ ನೋಡಿ, ಸೆರಗು ಬಾಯಿಗೆ ಹಿಡಿದಂತೆ ಮಾಡಿ, ಗುಸುಗುಸು ಅಂದಳು.

ಅಮಸಿದ್ದಪ್ಪನವರಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಪಟಕಾದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ, “ಖರೆ, ಖರೆ! ನಮ್ಮ ಓಣ್ಯಾಗ ಹೆಂಗ್ಸರು ಹಿಂಗಽ ಅಂತಾರ! ನಾಲ್ಕನೇದು?” ಅಂದರು.

“ನಾಲ್ಕನೇದು ಮರ್ಯಾದಿದು ರೀ.” ರಾಜಶ್ರೀ ನೆಟ್ಟಗೆ ನಿಂತು, ಅರ್ಧ ನಕ್ಕು, ಬಾಗಿಲ ಕಡೆ ಕೈ ತೋರಿಸಿದಂತೆ ಮಾಡಿ, “ಅಡ್ಡಿ ಇಲ್ಲ ತಗೋರಿ,” ಅಂದಳು.

“ಹಾಂ! ನಮ್ಮ ಬೀಗರು! ಸಾಕ್ಷಾತ್ ನಮ್ಮ ಬೀಗರು! ಒಲ್ಲೆ ಅನ್ನಾಕ ಬಾಯಿ ಬರಲಿಲ್ಲಂದ್ರ ಹಿಂಗಽ ಅಂತಾರ.” ಮುದುಕರು ಇನ್ನೂ ನಗುತ್ತಲೇ ಇದ್ದರು. ನಗುತ್ತಲೇ ಕೇಳಿದರು: “ನಂದು ಯಾವುದು?”

ರಾಜಶ್ರೀಗೆ ನಿಂಗರಾಜ ಮಾಮಾನ ಅಂಗಡಿಯ ವಾಸನೆ ಮೂಗಿಗೆ ಬಡಿಯಿತು. ಎರಡನೇದು ಅಂದುಬಿಟ್ಟರೆ ಎಲ್ಲರೂ ನಕ್ಕು ಮನೆಗೆ ಹೋಗಬಹುದಿತ್ತು.

“ನಾಲ್ಕನೇದು ಭಾಳ ಅದಾವ್ರಿ, ಕಾಕಾರ.”

“ಸೋಮವ್ವಂದು?”

“ಒಂದನೇದು ರೀ.”

ಅಮಸಿದ್ದಪ್ಪನವರ ಮುಖದ ಮೇಲಿನ ನಗು ಇಳಿಯಿತು. ಪಟಕಾ ಸರಿಮಾಡಿಕೊಂಡರು. ಅರ್ಷದ ತಂದಿಟ್ಟ ಚಹಾ ಮುಟ್ಟದೆ, ಎದ್ದು ಹೊರಗೆ ಹೋದರು.

“ರಾಜಶ್ರೀ? ಎದ್ದು ಹೋದ್ರಾ?” ಅಂದರು ಮೇಡಂ.

ನನ್ನ ಕೆಲಸ ಹೋದರೆ ಹೋಗಲಿ, ಆ ಹಿರಿಯರಿಗೆ ನೋವಾಯಿತಲ್ಲ ಅಂತ ರಾಜಶ್ರೀ ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದಳು. ಮೇಡಂ ‘ಹಲೋ, ಹಲೋ’ ಅನ್ನುತ್ತಿರಲು ಅರ್ಷದ ಲ್ಯಾಪ್‌ಟಾಪನ್ನು ಕೂಸಿನಂತೆ ಎತ್ತಿಕೊಂಡು ಹಿಂದೆಯೇ ಬಂದ.

ಅಮಸಿದ್ದಪ್ಪ ಮೆಟ್ಟಿಲ ತಿರುವಿನಲ್ಲಿ ನಿಂತಿದ್ದರು. ಕಿವಿ ಸ್ವಲ್ಪ ಮಂದವಾದ್ದರಿಂದ ಫೋನಿನ ಸ್ಪೀಕರು ಹಾಕಿದ್ದರು.

“ಎಲ್ಲಿದೀ ಸೋಮವ್ವಾ?”

“ನೀರಿನ ಟಾಕಿ ಹತ್ರ ಅದೀನ್ರಿ ಮಾವಾರ. ವಾಲ್ವ್ ಕೆಟ್ಟೈತಿ, ರಿಪೇರಿಯವ ಬಂದಾನ.”

“ಅದು ಮುಗಿದ ಮ್ಯಾಲ ಹುನಗುಂದಕ್ಕ ಹೋಗಿ ಫೋಟೋ ತೆಗಿಸ್ಕೊಂಡು ಬಾ. ಬ್ಯಾನರಿಗಿ ಬೇಕು.”

“ನಿಮ್ಮ ಫೋಟೋ ಮನ್ಯಾಗ ಐತೆಲ್ರಿ.”

“ನಂದಲ್ಲ, ನಿಂದು. ಈ ಸಲ ನೀ ನಿಲ್ಲು.”

ಆ ಕಡೆಯಿಂದ ಹೆದರಿದ ದನಿ: “ಮಾವಾರ, ನೀವು ಆರಾಮ ಅದೀರಿಲ್ಲೋ? ದವಾಖಾನ್ಯಾಗೇನು?”

“ಆರಾಮ ಅದೀನಿ ಮಾರಾಯ್ತಿ!” ಅಮಸಿದ್ದಪ್ಪ ತಲೆ ಎತ್ತಿದರು. ಮೇಲಿನ ಮೆಟ್ಟಿಲ ಮೇಲೆ ಬರಿಗಾಲಲ್ಲಿ ನಿಂತ ರಾಜಶ್ರೀ ಕಂಡಳು. ಫೋನು ಹಿಡಿದ ಕೈ ಕೆಳಗಿಳಿಸಿ, “ಮಂದಿ ಎಷ್ಟು ವರ್ಷದಿಂದ ನಾಲ್ಕನೇದು ಅನ್ನಾಕತ್ತಿದ್ರೋ ಏನೋ. ನಾ ಒಂದನೇದು ಅಂತ ತಿಳ್ಕೊಂಡು ಕೈ ಮುಗಕೋತ ತಿರಗಿದೆ ನೋಡವಾ,” ಅಂದರು. ಮರುಗಳಿಗೆ ಅರ್ಷದನ ಕೈಯೊಳಗಿನ ಲ್ಯಾಪ್‌ಟಾಪು ಕಂಡು ದನಿ ಏರಿಸಿದರು. “ಬೆಂಗಳೂರಿನ ಬಾಯಾರ, ಕೇಳಸ್ತೈತೇನ್ರಿ? ಸೋಮವ್ವನ ಸರ್ವೇನೂ ನಿಮಗಽ. ಆದ್ರ ಇಕಿನಽ ಮಾಡ್ಬೇಕು. ಇಕಿ ಇಲ್ಲಂದ್ರ ನಾನೂ ಒಲ್ಲೆ.”

“ಇರ್ತಾರೆ ಸರ್, ರಾಜಶ್ರೀ ನಮ್ಮಲ್ಲೇ ಇರ್ತಾರೆ,” ಅಂದರು ಮೇಡಂ ಪರದೆಯೊಳಗಿಂದ ಗಡಬಡಿಸಿ. ರಾಜಶ್ರೀ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಗು ಬಂತು, ಅಳುವೂ ಬಂತು.

ಅಷ್ಟರಲ್ಲಿ ಅಮಸಿದ್ದಪ್ಪನವರ ಕೈಯೊಳಗಿನ ಫೋನು ಒಮ್ಮೆಲೇ ಗದ್ದಲವೆಬ್ಬಿಸಿತು. ಕಟ್ ಮಾಡುವುದನ್ನು ಮಾವನೂ ಮರೆತಿದ್ದರು, ಸೊಸೆಯೂ ಮರೆತಿದ್ದಳು. ಅಲ್ಲಿ ಟಾಕಿಯ ಹತ್ತಿರ ಸೋಮವ್ವ ಯಾರಿಗೋ ಹೇಳುತ್ತಿದ್ದಳು: “ಯವ್ವಾ, ಮಾವಾರು ನನಗ ನಿಲ್ಲಂದ್ರಬೇ!” ಹಿಂದೆಯೇ ಹೆಂಗಸರು ಕೂಗಿದ್ದು, ಕೊಡ ಬಡಿದದ್ದು, ಯಾರೋ ಸಿಳ್ಳೆ ಹಾಕಿದ್ದು ಎಲ್ಲ ಒಟ್ಟಿಗೇ ಕೇಳಿಸಿತು.

ಅರ್ಷದ ಕೆಂಪು ಗುಂಡಿ ತೋರಿಸಲು ಒಂದು ಮೆಟ್ಟಿಲು ಇಳಿದ. ಅಮಸಿದ್ದಪ್ಪ ಬೇಡವೆಂದು ಕೈ ಅಡ್ಡ ಹಿಡಿದರು. ಗೋಡೆಗೆ ಒರಗಿ, ಫೋನನ್ನು ಕಿವಿಯ ಹತ್ತಿರ ತಂದುಕೊಂಡು, ಕಣ್ಣು ಮುಚ್ಚಿ ಕೇಳುತ್ತ ನಿಂತರು.