ತುರುಬು ಬಿಚ್ಚದ ಕಾಡಜ್ಜಿ

ತುರುವೇಕೆರೆ ರಸ್ತೆಯ ಪಾರ್ಕಿನಲ್ಲಿ ಕಾಡು ಮಾಡಿದ್ದಾರೆ ಎಂದು ಊರವರು ಆಡಿಕೊಂಡಾಗ ಹುಚ್ಚಕ್ಕನಿಗೆ ನಗು ಬಂದಿತ್ತು. ಕಾಡೆಂದರೇನು ರಾಗಿ ಮುದ್ದೆಯೇ, ಮಾಡುವುದಕ್ಕೆ? ಆದರೆ ಗುಡಿಸುವ ಕೆಲಸಕ್ಕೆ ಸೇರಿ ಒಳಗೆ ಕಾಲಿಟ್ಟಾಗ ನೋಡಿದಳು, ನಿಜಕ್ಕೂ ಮಾಡಿದ್ದರು. ಹಳೇ ತೋಟದ ನಡುವೆ ಸಿಮೆಂಟಿನ ಹೊಳೆ ತೋಡಿ, ಮೋಟಾರಿನಿಂದ ನೀರು ಓಡಿಸಿ, ದುಂಡನೆಯ ರಬ್ಬರ್ ದೋಣಿಗಳನ್ನು ಬಿಟ್ಟಿದ್ದರು. ಹರಿಗೋಲಿನ ಹಾಗೆ ಗಿರಗಿರನೆ ತಿರುಗಿಕೊಂಡು ಬರುತ್ತಿದ್ದವು. ದಡದಲ್ಲಿ ಸೊಂಡಿಲಿನಿಂದ ನೀರು ಉಗಿಯುವ ಫೈಬರ್ ಆನೆ, ಬಾಯಿ ತೆರೆದು ಮುಚ್ಚುವ ಮೊಸಳೆ, ಪೊದೆಯೊಳಗಿನ ಸ್ಪೀಕರಿನಲ್ಲಿ ಹುಲಿಯ ಗರ್ಜನೆ. ಉಳಿದಿದ್ದ ತೆಂಗಿನ ಮರಗಳಿಗೆಲ್ಲ ಪ್ಲಾಸ್ಟಿಕ್ ಬಳ್ಳಿ ಸುತ್ತಿದ್ದರು.

“ಬಳ್ಳಿ ಹಬ್ಬಿರೋ ತೆಂಗಿನ ಮರ ಅಂದ್ರೆ, ಯಜಮಾನ ಸತ್ತಿರ್ಬೇಕು, ಇಲ್ಲಾ ಇಸ್ಪೀಟಿಗೆ ಬಿದ್ದಿರ್ಬೇಕು,” ಎಂದಳು ಹುಚ್ಚಕ್ಕ. ಜೊತೆಗೆ ಗುಡಿಸುತ್ತಿದ್ದ ಹೆಂಗಸರು ಪೊರಕೆ ಬಿಟ್ಟು ನಕ್ಕರು.

ಹುಚ್ಚಕ್ಕ ಅರಳಗುಪ್ಪೆಯವಳು, ಅರವತ್ತು ದಾಟಿದವಳು. ತಲೆ ಬೆಳ್ಳಗಾಗಿದ್ದರೂ ಕೂದಲು ಸೊಂಟ ಮುಟ್ಟುತ್ತಿತ್ತು. ಬೆಳಗಾದರೆ ಕೊಬ್ಬರಿ ಎಣ್ಣೆ ಒತ್ತಿ, ಬಿಗಿಯಾಗಿ ಬಾಚಿ, ತೆಂಗಿನಕಾಯಿಯಷ್ಟು ದಪ್ಪದ ತುರುಬು ಕಟ್ಟುತ್ತಿದ್ದಳು. ಅದು ದೋಣಿ ಆಟದ ಸೂಪರ್‌ವೈಸರ್ ಸಿದ್ದಾರ್ಥನ ಕಣ್ಣಿಗೆ ಬಿತ್ತು. ತುಮಕೂರು ಪೇಟೆಯ ಹುಡುಗ, ಕೆಟ್ಟವನಲ್ಲ.

“ಅಜ್ಜಿ, ಪೊರಕೆ ಬಿಡಿ. ನಿಮ್ಮನ್ನ ಕಾಡಜ್ಜಿ ಮಾಡ್ತೀನಿ,” ಎಂದ.

ಹೊಳೆಯ ತಿರುವಿನಲ್ಲಿ ನಿಲ್ಲಬೇಕು. ಮುಖಕ್ಕೆ ಕಪ್ಪು ಬಣ್ಣ, ಸೀರೆಯ ಮೇಲೆ ಎಲೆಯ ಲಂಗ, ಕೊರಳಿಗೆ ಪ್ಲಾಸ್ಟಿಕ್ ಮೂಳೆಯ ಸರ. ದೋಣಿ ಬಂದಾಗ ಕೋಲಿನಿಂದ ಮಡಕೆ ಬಡಿದು, ಕಿರುಚಿ, ಹೆದರಿಸಬೇಕು. ಅಷ್ಟೇ. ನೆರಳಿದೆ, ಪಕ್ಕದಲ್ಲೇ ನೀರಿದೆ, ನಿಂತ ಕಡೆಗೇ ಲೋಕವೆಲ್ಲ ಬಂದು ಹೋಗುತ್ತದೆ. ಯಾರಿಗೆ ಬೇಡ? ಹುಚ್ಚಕ್ಕ ಒಪ್ಪಿದಳು.

ಮೊದಲ ದೋಣಿ ತಿರುವಿಗೆ ಬಂತು. ಒಳಗಿದ್ದವರು ಕಂಬಿ ಹಿಡಿದು, ಹೆದರಲು ತಯಾರಾಗಿ ಕೂತಿದ್ದರು. ಹುಚ್ಚಕ್ಕ ಕೋಲೆತ್ತಿದಳು. ಅಷ್ಟರಲ್ಲಿ, ಒದ್ದೆ ಸೆರಗನ್ನು ತಲೆ ತುಂಬ ಹೊದ್ದ ತನ್ನದೇ ವಯಸ್ಸಿನ ಹೆಂಗಸೊಬ್ಬಳು ಅವಳನ್ನೇ ನೋಡಿದಳು. ಎತ್ತಿದ ಕೋಲು ಎತ್ತಿದ ಹಾಗೇ ಇತ್ತು. ಬಾಯಿ ತನ್ನ ಪಾಡಿಗೆ ತಾನು ಕೇಳಿಬಿಟ್ಟಿತು:

“ಯಾವೂರವ್ವ? ಊಟ ಆಯ್ತಾ?”

ದೋಣಿಗೆ ದೋಣಿಯೇ ನಕ್ಕಿತು. ಆ ಹೆಂಗಸು ತಿರುಗುತ್ತಲೇ ಕೂಗಿದಳು, “ಕಂದಿಕೆರೆ ಕಣವ್ವಾ! ಎಲ್ಲಿ ಊಟ, ಬುತ್ತೀನ ಗೇಟಲ್ಲೇ ಕಿತ್ಕಂಡವ್ರೆ!”

ಹುಚ್ಚಕ್ಕ ಬೇಕೆಂದು ಮಾಡಿದ್ದಲ್ಲ. ಊರಿನಲ್ಲಿ ತೋಟದ ಬದುವಿನ ಮೇಲೆ ಹಾದು ಹೋಗುವವರು ಗುರುತಿನವರಾಗಲಿ, ಪರಸ್ಥಳದವರಾಗಲಿ, ಈ ಎರಡು ಮಾತು ಕೇಳದೆ ಕಳಿಸಿದವಳಲ್ಲ ಅವಳು. ಅವಳ ಅವ್ವನೂ ಕಳಿಸಿರಲಿಲ್ಲ. ಬದುವಾದರೇನು, ಸಿಮೆಂಟಿನ ಹೊಳೆಯಾದರೇನು, ಬಂದವರು ಬಂದವರೇ.

ಸಿದ್ದಾರ್ಥ್ ಸೇತುವೆಯಿಂದ ಬಗ್ಗಿದ. “ಅಜ್ಜಿ, ಕಾಡಜ್ಜಿ ಊಟ ಆಯ್ತಾ ಅಂತ ಕೇಳಲ್ಲ!”

“ಯಾಕಪ್ಪ, ಕಾಡಲ್ಲಿರೋರು ಉಣ್ಣಲ್ವಾ? ಬಂದೋರ ಮೇಲೆ ಕಿರುಚ್ತಾರೆ ಅಂತ ನಿಂಗ್ಯಾರು ಹೇಳಿದ್ದು?”

ಕೆಲವು ದಿನ ಹೀಗೇ ನಡೆಯಿತು. ಅವನು ಹೇಳುವುದು, ಇವಳು ಹೂಂಗುಟ್ಟುವುದು, ದೋಣಿ ಬಂದರೆ ಮತ್ತೆ ಅದೇ ಮಾತು. ಶನಿವಾರ ಸಂಜೆ ಸಿದ್ದಾರ್ಥ್ ಗಂಭೀರವಾಗಿ ಬಂದ. ಮಾರನೆಯ ದಿನ ಜಾಹೀರಾತಿಗೆ ವಿಡಿಯೋ ತೆಗೆಯುವವರು ಬರುತ್ತಾರಂತೆ.

“ನಾಳೆ ತುರುಬು ಬಿಚ್ಚಿ, ಕೂದಲು ಕೆದರ್ಕೊಂಡು ಕಿರುಚ್ಬೇಕು. ಆಗಲ್ಲ ಅಂದ್ರೆ ಕೆಲಸ ಬಿಟ್ಬಿಡಿ. ಪೊರಕೆ ಕೆಲಸಾನೂ ಇರಲ್ಲ. ಮೇಲಿನವರ ಮಾತು ಇದು.”

ಹುಚ್ಚಕ್ಕ ಕೋಲನ್ನು ಮಡಕೆಗೆ ಒರಗಿಸಿಟ್ಟಳು.

“ಬಣ್ಣ ಬಳಿದ್ರಿ, ಬಳಿಸ್ಕಂಡೆ. ಮೂಳೆ ಸರ ಹಾಕುದ್ರಿ, ಹಾಕ್ಸ್ಕಂಡೆ. ಕೂದ್ಲು ಬಿಟ್ಕಂಡು ಜನದ ಮುಂದೆ ನಾನು ಕಿರುಚಿರೋದು ಒಂದೇ ಸಲ ಕಣಪ್ಪ. ನಮ್ಮೆಜಮಾನ್ರನ್ನ ಎತ್ತಿದ ದಿವ್ಸ.”

ಸಿದ್ದಾರ್ಥ್ ತಲೆ ತಗ್ಗಿಸಿದ. ಆದರೂ, “ಇದು ಬರೀ ಆ್ಯಕ್ಟಿಂಗ್ ಅಲ್ವಾ ಅಜ್ಜಿ,” ಎಂದ.

“ನಿಂಗೆ,” ಎಂದಳು ಹುಚ್ಚಕ್ಕ.

ಅವನು ಹೋದ ಮೇಲೆ ಪೊದೆಯಿಂದ ಗೊರಿಲ್ಲಾ ಹೊರಗೆ ಬಂತು. ಅದು ಹಾಲ್ಕುರಿಕೆಯ ಭೀಮರಾಜು. ದಿನವಿಡೀ ಆ ಕೂದಲಿನ ಸೂಟಿನೊಳಗೆ ಬೆವರುತ್ತಾ ಎದೆ ಬಡಿದುಕೊಳ್ಳುವುದು ಅವನ ಕೆಲಸ.

“ಹೋಗ್ಲಿ ಬುಡಕ್ಕ, ಒಂದ್ಗಳಿಗೆ ಬಿಚ್ಚಿ ಕಟ್ಕಳೋದು. ನಾನು ದಿನಾ ಕೋತಿ ಆಗ್ತಿಲ್ವಾ?”

“ನೀನು ಹುಟ್ಟಿದಾಗ್ಲಿಂದ್ಲೂ ಕೋತಿನೇ ಕಣ್ಲಾ. ಸೂಟು ಈಗ ಬಂತು, ಅಷ್ಟೇ.”

ಭಾನುವಾರ ಬೆಳಿಗ್ಗೆ ಹುಚ್ಚಕ್ಕ ಎಂದಿಗಿಂತ ಹೆಚ್ಚು ಎಣ್ಣೆ ಒತ್ತಿದಳು. ಕಣ್ಣಿನ ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಬಾಚಿ ತುರುಬು ಕಟ್ಟಿ, ಬಂದು ತಿರುವಿನಲ್ಲಿ ನಿಂತಳು.

ಕ್ಯಾಮೆರಾ ಹೊತ್ತ ದೋಣಿ ಬಂತು. ಸೇತುವೆಯ ಮೇಲಿದ್ದ ಸಿದ್ದಾರ್ಥ್ ಮೈಕಿನಲ್ಲಿ ಕೂಗಿದ, “ಕಾಡಜ್ಜಿ, ಕೂದಲು! ಕೂದಲು!” ಅವನ ದನಿ ಆನೆಗೂ ಮೊಸಳೆಗೂ ಬಡಿದು ತಿರುಗಿ ಬಂತು.

ಹುಚ್ಚಕ್ಕ ಕೋಲನ್ನು ಕೆಳಗಿಟ್ಟಳು. ದಡದ ಅಂಚಿಗೆ ಬಂದು, ಆಚೆ ತೋಟದವರನ್ನು ಕರೆಯುವ ಗಂಟಲಿನಲ್ಲಿ, ಸ್ಪೀಕರಿನ ಹುಲಿಯ ಸದ್ದು ಅಡಗುವ ಹಾಗೆ ಕೇಳಿದಳು:

“ಯಾವೂರ್ರಪ್ಪಾ? ಊಟ ಆಯ್ತಾ?”

ಸಿದ್ದಾರ್ಥ್ ಓಡಿ ಬಂದ. ಮುಖ ಕೆಂಪಾಗಿತ್ತು. “ಸಾಕು ಅಜ್ಜಿ. ಡ್ರೆಸ್ ಕೊಟ್ಟು ನಡೀರಿ.”

ಅವಳು ಮೂಳೆ ಸರ ತೆಗೆದಳು. ಎಲೆಯ ಲಂಗ ಬಿಚ್ಚಿ, ನೀಟಾಗಿ ಮಡಿಸಿ ಅವನ ಕೈಗಿಟ್ಟಳು. ಹೊಳೆಗೆ ಬಗ್ಗಿ ಮುಖ ತೊಳೆದು ಸೆರಗಿನಲ್ಲಿ ಒರೆಸಿಕೊಂಡಳು. ಆಮೇಲೆ ತನ್ನ ಸೀರೆಯಲ್ಲಿ, ತನ್ನ ಮುಖದಲ್ಲಿ, ಅಲ್ಲೇ ಕಲ್ಲಿನ ಮೇಲೆ ಕೂತಳು.

“ಡ್ರೆಸ್ಸು ನಿಮ್ದು, ತಗಳಿ. ಬಾಯಿ ನಂದು. ನೀರ ಮೇಲೆ ಇನ್ನೂ ಜನ ಅವ್ರೆ. ಬಂದೋರ್ನ ನಡುದಾರೀಲಿ ಬುಟ್ಟು ಏಳೋ ಪದ್ಧತಿ ನಮ್ಮಲ್ಲಿಲ್ಲ. ಕಡೇ ದೋಣಿ ಹೋಗ್ಲಿ, ಯಾರೂ ಹೇಳ್ದಂಗೆ ಎದ್ದು ಹೋಯ್ತೀನಿ.”

“ಭೀಮರಾಜು! ಅಜ್ಜೀನ ಗೇಟ್ ತನಕ ಬಿಟ್ಟು ಬಾ.”

ಗೊರಿಲ್ಲಾ ಪೊದೆ ಸರಿಸಿಕೊಂಡು ಬಂತು. ಹುಚ್ಚಕ್ಕನ ಮುಂದೆ ನಿಂತಿತು. ಆ ರಬ್ಬರ್ ಮೂತಿಯಲ್ಲಿ ಏನು ನಡೆದಿದೆಯೆಂದು ಯಾರಿಗೂ ತಿಳಿಯುವಂತಿರಲಿಲ್ಲ. ಹುಚ್ಚಕ್ಕ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಎಳೆದರೆ ಎಳೆಯಲಿ.

ಗೊರಿಲ್ಲಾ ಎರಡೂ ಕೈ ಮೇಲೆತ್ತಿ ತನ್ನ ತಲೆಯನ್ನೇ ಕಿತ್ತಿತು. ಒಳಗಿಂದ ಭೀಮರಾಜುವಿನ ಬೆವೆತ ಮುಖ ಬಂತು. ಅವನು ಆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹುಚ್ಚಕ್ಕನ ಪಕ್ಕ ಕೂತ.

“ಸೆಕೆ ಸಾರ್. ಕಡೇ ದೋಣಿ ಹೋದ್ಮೇಲೆ ಇಬ್ರೂ ಹೊಂಡ್ತೀವಿ.”

ಅಷ್ಟರಲ್ಲಿ ಇನ್ನೊಂದು ದೋಣಿ ತಿರುವಿಗೆ ಬಂತು. ಮನುಷ್ಯನ ತಲೆಯ ಗೊರಿಲ್ಲಾ ಕಂಡು ಮಕ್ಕಳು ಬಾಯಿ ಬಿಟ್ಟರು. ಹುಚ್ಚಕ್ಕ ಭೀಮರಾಜುವನ್ನು ಮೊಣಕೈಯಿಂದ ತಿವಿದಳು. ಅವನು ನಾಚಿಕೊಂಡು ಕೇಳಿದ, “ಊಟ ಆಯ್ತಾ?”

“ಆಯ್ತು! ನಿಂದಾಯ್ತಾ ಗೊರಿಲ್ಲಾ?” ಎಂದು ಮಕ್ಕಳು ಕಿರುಚಿದರು.

ಎಲೆಯ ಲಂಗ ಹಿಡಿದು ನಿಂತಿದ್ದ ಸಿದ್ದಾರ್ಥನ ಕಡೆ ಹುಚ್ಚಕ್ಕ ತಿರುಗಿದಳು. “ನೀನು ಉಂಡೇನಪ್ಪ?” ಅವನು ಲಂಗವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸೇತುವೆ ಹತ್ತಿದ. ಮೈಕು ಮಾತ್ರ ಆ ದಿನ ಮತ್ತೆ ಕೂಗಲಿಲ್ಲ.

ಸಂಜೆ ಕಡೆಯ ದೋಣಿ ಹೋಯಿತು. ಮೋಟಾರು ನಿಂತು ಹೊಳೆಯೂ ನಿಂತಿತು. ಹುಚ್ಚಕ್ಕ ಎದ್ದು, ತುರುಬನ್ನೊಮ್ಮೆ ಮುಟ್ಟಿ ನೋಡಿ, ಭೀಮರಾಜುವಿನ ಜೊತೆ ಗೇಟಿಗೆ ಬಂದಳು.

“ನಾಳೆ ಬತ್ತೀನಿ ಕಣಪ್ಪ,” ಎಂದಳು ಕಾವಲಿನವನಿಗೆ.

“ಕೆಲ್ಸ ಇಲ್ಲ ಅಂದವ್ರಂತಲ್ಲಕ್ಕ?”

“ಅವ್ರು ಅಂದವ್ರೆ. ನಾನೆಲ್ಲಂದೆ?”