ಕುದ್ರಿನ ಹುಂಜ ಯಾವ ದಡದ್ದು

ನೇತ್ರಾವತಿಯ ನಡುವೆ ಮರಳು ಕೂಡಿ ಎದ್ದಿದ್ದ ಆ ಕುದ್ರು ಸಾವಿರದ ಒಂಬೈನೂರ ಇಪ್ಪತ್ತಮೂರನೆಯ ಇಸವಿಯ ನೆರೆಯ ತನಕ ಮಂಗಳೂರು ಪೇಟೆಯ ಠಾಣೆಗೆ ಸೇರಿತ್ತು. ಹೊಳೆಯ ದೊಡ್ಡ ಹರಿವೇ ಬಡಗು ದಡದ ಪೇಟೆಯ ಠಾಣೆಗೂ ತೆಂಕು ದಡದ ಠಾಣೆಗೂ ಗಡಿ. ಆಗ ಅದು ಕುದ್ರಿನ ತೆಂಕು ಬದಿಗಿತ್ತು. ನೆರೆ ಇಳಿದ ಮೇಲೆ ನೋಡಿದರೆ ಬಡಗು ಬದಿಗೆ ಹಾರಿತ್ತು. ಗಡಿಯೂ ಹೊಳೆಯ ಜೊತೆ ಹೋಯಿತೋ, ಹಳೆಯ ಜಾಗದಲ್ಲೇ ಉಳಿಯಿತೋ, ಯಾರೂ ಹೇಳಲಿಲ್ಲ. ಆ ಮೌನದಲ್ಲಿ ಕೋಳಿಅಂಕ, ಸರಕಾರ ಒಪ್ಪದ ಹುಂಜಗಳ ಕಾಳಗ, ಚೆನ್ನಾಗಿ ಬೆಳೆಯಿತು. ಪೇಟೆಯ ಪೊಲೀಸರು ಬಂದರೆ ಇದು ತೆಂಕಿನವರ ಜಾಗ. ತೆಂಕಿನವರು ಬಂದರೆ ಪೇಟೆಯವರದ್ದು.

ಆ ಭಾನುವಾರ ನೋಣಯ್ಯನ ಕೆಂಪು ಹುಂಜ ಲೋಕಯ್ಯನ ಬಿಳಿ ಹುಂಜವನ್ನು ಕೆಡವಿತು. ಸೋತ ಕೋಳಿ ಗೆದ್ದವನಿಗೆ ಎಂಬುದು ಅಂಕದ ಕಟ್ಟಳೆ. ಬಿಳಿಯದು ಸಾರಿಗಾಯಿತು; ಕೆಂಪನ್ನು ನೋಣಯ್ಯ ಎದೆಗೊತ್ತಿ ಹಿಡಿದಿದ್ದ. ಮರಿಯಿಂದ ಮಂಚದ ಕಾಲಿಗೇ ಕಟ್ಟಿ ಸಾಕಿದ ಹುಂಜ. ಹೆಂಡತಿಯೊಡನೆ ಆಡದ ಮಾತುಗಳನ್ನೂ ಅದರೊಡನೆ ಆಡುತ್ತಿದ್ದ.

ಅಷ್ಟರಲ್ಲಿ ಎರಡೂ ದಡಗಳಿಂದ ಒಂದೊಂದು ದೋಣಿ ಬಂತು. ಒಂದರಲ್ಲಿ ಪೇಟೆಯ ದಫೇದಾರ ಮೋಹನದಾಸ್, ಇನ್ನೊಂದರಲ್ಲಿ ತೆಂಕಿನ ದಫೇದಾರ ನೊರ್ಬರ್ಟ್. ಇಬ್ಬರ ಕಣ್ಣೂ ಕೆಂಪು ಹುಂಜದ ಮೇಲೆ. ಜಪ್ತಿಯಾದ ಕೋಳಿ ಠಾಣೆಯ ಒಲೆ ದಾಟಿ ಮುಂದೆ ಹೋದದ್ದನ್ನು ಯಾರೂ ಕಂಡಿರಲಿಲ್ಲ.

"ಕೊಡು ಇಲ್ಲಿ. ಕುದ್ರು ನಮ್ಮದು," ಎಂದ ಮೋಹನದಾಸ್.

"ಯಾವಾಗಿಂದ ಮಾರಾಯ್ರೆ?" ಎಂದ ನೊರ್ಬರ್ಟ್. "ಹೊಳೆ ನಿಮ್ಮ ಬದಿಗೆ ಹರೀತಾ ಉಂಟಲ್ಲ. ಕುದ್ರು ನಮಗೆ, ಕೋಳಿಯೂ ನಮಗೆ."

ನೋಣಯ್ಯ ಮೆಲ್ಲಗೆ ಕೆಮ್ಮಿದ. "ಯಾರಾದ್ರೂ ತೆಗೊಳ್ಳಿ ಧನಿಗಳೇ. ಆದ್ರೆ ಕುದ್ರಿನ ಆ ತುದಿಯಲ್ಲಿ ಒಂದು ಹೆಣ ಬಂದು ಬಿದ್ದುಂಟು. ವಾಸನೆ ಬೇರೆ. ಕುದ್ರು ಯಾರದ್ದೋ, ಅದೂ ಅವರದ್ದೇ ಅಲ್ವಾ?"

ಹುಂಜಕ್ಕೆ ಚಾಚಿದ್ದ ಕೈಗಳು ಹಿಂದಕ್ಕೆ ಹೋದವು. ಹೆಣವೆಂದರೆ ಕಾವಲು, ಪಂಚನಾಮೆ, ಹೊತ್ತುಕೊಂಡು ಹೊಳೆ ದಾಟಿಸುವ ಕೆಲಸ. ಹೋಗಿ ನೋಡುವ ಹಾಗೂ ಇಲ್ಲ, ನೋಡಿದವನೇ ವಾರಸುದಾರ. ಇಬ್ಬರೂ ಆ ತುದಿಗೆ ಬೆನ್ನು ಹಾಕಿ ನಿಂತರು.

"ಹಳೇ ಗಡಿ ಹಿಡಿದ್ರೆ ಇದು ನಿಮ್ಮದೇ," ಎಂದ ನೊರ್ಬರ್ಟ್.

"ಛೆ ಛೆ, ಹೊಳೆ ಹೋದಲ್ಲಿ ಗಡಿ. ನೀವೇ ಹೇಳಿದ್ದಲ್ವಾ ನೊರ್ಬರ್ಟ್ ಪೊರ್ಬುಗಳೇ?"

ಕೊನೆಗೆ ಕುದ್ರು ತಮ್ಮದಲ್ಲವೆಂದು ನೆರೆದವರ ಮುಂದೆ ಆಣೆ ಹಾಕಿ ಇಬ್ಬರೂ ದೋಣಿ ಹತ್ತಿದರು.

ಹೆಣ ಎಲ್ಲಿತ್ತು! ನೋಣಯ್ಯ ನಗುತ್ತ, ಸೊಂಟದ ಎಲೆಯಡಿಕೆ ಬಿಚ್ಚಲು ಹುಂಜವನ್ನು ಕೆಳಗಿಟ್ಟ. ಲೋಕಯ್ಯ ಬಗ್ಗಿ ಅದನ್ನೆತ್ತಿ ಕಂಕುಳಲ್ಲಿ ಇರುಕಿಕೊಂಡ.

"ಏಯ್, ಎಂತ ಇದು? ಕಳ್ಳತನವಾ?"

"ಹೌದು," ಎಂದ ಲೋಕಯ್ಯ ಸಮಾಧಾನದಿಂದ. "ಯಾವ ಠಾಣೆಗೆ ಹೇಳ್ತೀಯ ಮಾರಾಯ?"

ನೋಣಯ್ಯ ನೀರಂಚಿಗೆ ಓಡಿ, "ದಫೇದಾರ್ರೇ, ತಿರುಗಿ ಬನ್ನಿ!" ಎಂದು ಕೂಗಿದ. ಎರಡು ದೋಣಿಗಳಲ್ಲೂ ಹುಟ್ಟು ಬೇಗಬೇಗನೆ ಬೀಳತೊಡಗಿತು.