ವಾಪಸ್ ಬಂದ ಬುತ್ತಿಬಟ್ಟೆ

ಹೊಳಲಿಗೆ ಹೋಗುವ ಬಸ್ಸು ಕೋಗಳಿಗೆ ಬರುತ್ತಿದ್ದದ್ದು ಬಿಸಿಲೇರಿದ ಮೇಲೆ. ಆದರೂ ಭೂಮಿಕಾ ನಸುಕಿಗೇ ಎದ್ದು ಬುತ್ತಿ ಕಟ್ಟಿ ಮುಗಿಸುತ್ತಿದ್ದಳು. ಕೆಂಪಂಚಿನ ಹಳೇ ಪಂಚೆಯೊಳಗೆ ಒಣಗಿಸಿದ ಜೋಳದ ರೊಟ್ಟಿ, ನಡುವೆ ಶೇಂಗಾ ಚಟ್ನಿಪುಡಿಯ ಪೊಟ್ಟಣ. ಗಂಟು ಬಿಗಿಯಾದರೆ ರೊಟ್ಟಿ ಮುರಿದು ಚೂರಾಗುತ್ತದೆ, ಸಡಿಲಾದರೆ ಬಸ್ಸಿನ ಕುಲುಕಾಟಕ್ಕೆ ಬಿಚ್ಚಿಕೊಳ್ಳುತ್ತದೆ. ಆ ನಡುವಣ ಹದ ಮದುವೆಯಾಗಿ ಬಂದ ವರ್ಷದೊಳಗೆ ಅವಳ ಬೆರಳಿಗೆ ಕೂತುಬಿಟ್ಟಿತ್ತು.

ಅವಳ ಗಂಡ ಹುಲುಗಣ್ಣ ಸಂಕ್ರಾಂತಿ ಮುಗಿದದ್ದೇ ತಡ, ದೊಡ್ಡಪ್ಪ ದೊಡ್ಡಬೀರಪ್ಪನ ಜೊತೆ ಕುರಿ ಹೊಡೆದುಕೊಂಡು ಹೊಳಲಿನ ಕಡೆ ಹೋಗಿದ್ದ. ಪೈರು ಕೊಯ್ದ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಹೊಲದವರಿಂದ ಇವರಿಗೆ ಕಾಳು. ಹೊಲದಿಂದ ಹೊಲಕ್ಕೆ ಹೀಗೆ ಸರಿಯುತ್ತಾ ಮುಂಗಾರು ಹನಿಯುವವರೆಗೂ ಅವರು ಮನೆ ಕಾಣುವುದಿಲ್ಲ. ಫೋನಿನ ಮಾತಂತೂ ದೂರ. ಊರಿಗೆಲ್ಲ ಒಂದೇ ಎಸ್‌ಟಿಡಿ ಬೂತಿದ್ದ ಕಾಲ ಅದು, ಹೊಲದಲ್ಲಿ ಮಲಗುವವನಿಗೆ ಯಾವ ನಂಬರು? ವಾರಕ್ಕೊಮ್ಮೆ ಬಸ್ಸಿನಲ್ಲಿ ಬುತ್ತಿ ಹೋಗುವುದು, ಸಂಜೆ ಅದೇ ಬಸ್ಸಿನಲ್ಲಿ ಹಿಂದಿನ ವಾರದ ಬಟ್ಟೆ ವಾಪಸ್ ಬರುವುದು, ಇಷ್ಟೇ ಅವರ ನಡುವಿನ ಹೋಗಿಬರುವಿಕೆ.

ಬಟ್ಟೆ ಬಂದ ಸಂಜೆ ಭೂಮಿಕಾ ಅದನ್ನು ಒಗೆಯಲೆಂದು ಬಚ್ಚಲಿಗೆ ಒಯ್ಯುವಳು. ಒಗೆಯುವ ಮುಂಚೆ ಬಾಗಿಲು ಓರೆಮಾಡಿ ಮುಖಕ್ಕೆ ಒತ್ತಿಕೊಳ್ಳುವಳು. ಉಣ್ಣೆ, ಹೊಗೆ, ಕುರಿಹಾಲು, ಬೆವರು. ಅಕ್ಷರ ಬಾರದ ಹುಲುಗಣ್ಣ ಬಟ್ಟೆಯ ತುದಿಯಲ್ಲಿ ಏನಾದರೊಂದು ಗಂಟು ಹಾಕಿ ಕಳಿಸುತ್ತಿದ್ದ. ಒಮ್ಮೆ ಹೊಳೆಯ ನುಣುಪು ಕಲ್ಲು, ಒಮ್ಮೆ ಹೊಸದಾಗಿ ಹುಟ್ಟಿದ ಕರಿ ಮರಿಯ ಉಣ್ಣೆ, ಒಮ್ಮೆ ಬಾಡಿದ ಬಾರೆಹಣ್ಣು. ಭೂಮಿಕಾ ಅವನ್ನೆಲ್ಲ ತನ್ನ ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದಳು.

ಶಿವರಾತ್ರಿ ಕಳೆದ ವಾರ ಗಂಟಿನಲ್ಲಿ ಕಲ್ಲಿರಲಿಲ್ಲ, ಹಣ್ಣಿರಲಿಲ್ಲ. ಗುಳಿಗೆ ತೆಗೆದ ಖಾಲಿ ತಗಡಿನ ಹಾಳೆಯಿತ್ತು.

"ನಿನ್ನ ಗಂಡ ಕಾಲುವಿ ಏರಿ ಮ್ಯಾಲಿಂದ ಜಾರಿ ಬಿದ್ದಾನ ತಂಗಿ," ಎಂದ ಕಂಡಕ್ಟರ್ ಜಂಬಯ್ಯ, ಬಸ್ಸಿನ ಮೆಟ್ಟಿಲ ಮೇಲಿನಿಂದಲೇ. "ಮಣಕಾಲು ಬಾತೈತಿ. ಇಂಥವಾ ಗುಳಿಗಿ ಕಳಸು ಅಂದಾನ. ನುಂಗಿದರ ಕುದರಿಯಂಗ ನಡಿತಾನಂತ!"

'ಮನಿಗೆ ಬರ್ತಾರಂತೇನು?' ಎಂದು ಕೇಳಬೇಕೆನ್ನಿಸಿತು ಭೂಮಿಕಾಗೆ. ಗಂಡಸರ ಮುಖ ನೋಡಿ ಮಾತಾಡಿ ರೂಢಿಯಿಲ್ಲದ ಹುಡುಗಿ. ಮಾತು ಕೂಡಿಸಿಕೊಳ್ಳುವಷ್ಟರಲ್ಲಿ ಬಸ್ಸು ಹೋಯಿತು.

ಹಗರಿಬೊಮ್ಮನಹಳ್ಳಿ ಸಂತೆಗೆ ಹೋದಾಗ ಪಾಲಾಕ್ಷಪ್ಪನ ಮೆಡಿಕಲ್ ಶಾಪಿನ ಮುಂದೆ ನಿಂತು ಆ ಹಾಳೆ ಚಾಚಿದಳು. ಅಂಗಡಿ ತುಂಬ ಜನ. ಪಾಲಾಕ್ಷಪ್ಪ ಹಾಳೆ ನೋಡಿದ, ಅಂಥದ್ದೇ ತೆಗೆದುಕೊಟ್ಟ. ಯಾರಿಗೆ ಎಂದು ಅವನು ಕೇಳಲಿಲ್ಲ, ಇವಳೂ ಹೇಳಲಿಲ್ಲ.

ಅದನ್ನು ಬುತ್ತಿಯ ತುದಿಗೆ ಗಂಟು ಹಾಕುವಾಗ ಅವಳಿಗೆ ಹೇಳಲಾರದ ಹಿಗ್ಗು. ರೊಟ್ಟಿ ಹೋಗುತ್ತಿದ್ದದ್ದು ಅತ್ತೆ ಮರುಳಸಿದ್ದಮ್ಮನ ಹೆಸರಿನಲ್ಲಿ, ಜೋಳ ಮನೆಯದು. ಗುಳಿಗೆ ಮಾತ್ರ ತಾನೇ ಹುಡುಕಿ ತಂದದ್ದು, ತಾನೇ ಕಟ್ಟಿದ್ದು. ಅಷ್ಟು ದೂರದಲ್ಲಿ ಅವನ ನೋವನ್ನು ತನ್ನ ಕೈ ಮುಟ್ಟಿದಂತಾಗಿತ್ತು.

ಮುಂದಿನ ವಾರವೂ ಖಾಲಿ ಹಾಳೆ ಬಂತು. ಅದರ ಮುಂದಿನ ವಾರವೂ. ಒಂದು ಬೆಳಿಗ್ಗೆ ಹಿಟ್ಟು ನಾದುತ್ತಿದ್ದಾಗ ಅವಳಿಗೆ ಥಟ್ಟನೆ ಹೊಳೆಯಿತು: ಗುಳಿಗೆ ಇರುವುದಕ್ಕೇ ಅವನು ನಡೆಯುತ್ತಿದ್ದಾನೆ, ನಡೆಯಲು ಆಗುತ್ತಿರುವುದಕ್ಕೇ ಮನೆಗೆ ಬರುತ್ತಿಲ್ಲ. ಕಳಿಸದಿದ್ದರೆ? ಕಾಲು ಸೋತು, ಬಸ್ಸು ಹತ್ತಿ, ಮನೆಯ ಮುಂದಿನ ಈ ಕಟ್ಟೆಯ ಮೇಲೆ ಬಂದು ಕೂರುತ್ತಾನೆ. ಯೋಚನೆ ಬಂದದ್ದೇ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಗಂಡನ ನೋವು ಬಯಸುವ ಹೆಂಡತಿಯೂ ಉಂಟೇ? ಆ ವಾರ ಎಂದಿಗಿಂತ ಹೆಚ್ಚು ಗುಳಿಗೆ ಕಟ್ಟಿದಳು.

ಆಮೇಲೆ ಒಂದು ಸಂಜೆ ಬಟ್ಟೆ ಭಾರವಾಗಿ ಬಂತು. ಬಿಚ್ಚಿದರೆ ರೊಟ್ಟಿ! ಕಳಿಸಿದ್ದರಲ್ಲಿ ಅರ್ಧಕ್ಕೂ ಹೆಚ್ಚು ಹಾಗೆಯೇ ವಾಪಸ್ ಬಂದಿತ್ತು. ತುದಿಯ ಗಂಟಿನಲ್ಲಿ ಎರಡು ಖಾಲಿ ಹಾಳೆ. ಒಂದು ತಾನು ಕಳಿಸಿದ್ದು. ಇನ್ನೊಂದು ಅಗಲವಾದದ್ದು, ಅದರ ಗುಳಿ ಹೆಬ್ಬೆರಳಿನಷ್ಟು ದೊಡ್ಡದು. ಅದನ್ನು ಅವಳು ಬಲ್ಲಳು. ಕುರಿಗೆ ಜ್ವರವೋ ಕಾಲುಬಾವೋ ಬಂದರೆ ಮುರಿದು ಗಂಟಲಿಗಿಳಿಸುವ ಗುಳಿಗೆ. ಮನೆಯ ಗೋಡೆಯ ಮಾಡದಲ್ಲಿ ಒಂದು ಯಾವಾಗಲೂ ಇರುತ್ತಿತ್ತು.

"ಅತ್ತಿ, ಇದನ್ನ ನೋಡ್ರಿ. ಇವರು ಕುರಿ ಗುಳಿಗಿ ನುಂಗ್ಯಾರ."

ಮರುಳಸಿದ್ದಮ್ಮ ಎಲೆಗೆ ಸುಣ್ಣ ಸವರುತ್ತಿದ್ದವಳು ತಲೆ ಎತ್ತಲಿಲ್ಲ. "ನುಂಗಿದರ ಏನಾತು? ನಿಮ್ಮ ಮಾವನೂ ಚೂರು ಮುರಕಂಡು ಬಾಯಾಗ ಹಾಕ್ಯಂತಿದ್ದ. ಕುರಿಗೆ ಆಗಿದ್ದು ಕುರುಬಗ ಆಗಂಗಿಲ್ಲೇನು?"

"ರೊಟ್ಟಿನೂ ಉಂಡಿಲ್ಲ."

"ಒಣ ರೊಟ್ಟಿ ತಿಂದು ತಿಂದು ಬ್ಯಾಸರ ಬಂದಿರಬೇಕು. ನೀ ಸುಮ್ನಿರು."

ಭೂಮಿಕಾ ಸುಮ್ಮನಾದಳು. ಆದರೆ ಕಣ್ಣು ಸುಮ್ಮನಾಗಲಿಲ್ಲ. ರೊಟ್ಟಿಗಳನ್ನು ಒಂದೊಂದಾಗಿ ತಿರುವಿ ನೋಡಿದಳು. ಒಂದರ ಅಂಚನ್ನು ಕಚ್ಚಿ ಬಿಟ್ಟಿದ್ದ. ಹಸಿವಿದ್ದವನು ಕಚ್ಚಿದ ರೊಟ್ಟಿಯನ್ನು ಮತ್ತೆ ಮಡಚಿಡುವುದಿಲ್ಲ.

ಮರುದಿನ ಬೆರಣಿ ತಟ್ಟುವುದನ್ನು ಬಿಟ್ಟು, ಎರಡೂ ಹಾಳೆ ಸೆರಗಿಗೆ ಕಟ್ಟಿಕೊಂಡು ಹಗರಿಬೊಮ್ಮನಹಳ್ಳಿಗೆ ಹೋದಳು. ಸಂತೆಯ ದಿನವಲ್ಲ, ಅಂಗಡಿ ಬಿಡುವಾಗಿತ್ತು. ಪಾಲಾಕ್ಷಪ್ಪ ಕನ್ನಡಕ ಏರಿಸಿ ಎರಡನ್ನೂ ಬೆಳಕಿಗೆ ಹಿಡಿದ.

"ಇದು ದನ-ಕುರಿದು. ಇದ್ಯಾಕ ತಂದಿಯಮ್ಮ?"

"ಎರಡೂ ಒಬ್ಬರಾ ನುಂಗ್ಯಾರ," ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಬೇಕಾಯಿತು. "ನಮ್ಮ ಮನಿಯವರು."

ಪಾಲಾಕ್ಷಪ್ಪ ಸ್ಟೂಲು ಎಳೆದು ಮುಂದೆ ಬಂದ. "ಎಲ್ಲಿ ಅದಾನ? ಯಾವಾಗಿಂದ ನುಂಗಾಕ ಹತ್ಯಾನ? ಉಂಡು ನುಂಗ್ತಾನೋ, ಬರೀ ಹೊಟ್ಟಿಲೋ?"

ಕುರಿ ಬಿಡುವ ಮುಂಚೆ ನಸುಕಿನಲ್ಲೇ ನುಂಗುತ್ತಿರಬೇಕು, ಕುರಿ ಕಾಯುವವರು ಉಣ್ಣುವುದು ಬಿಸಿಲಿಳಿದ ಮೇಲೆ ಎಂದು ತಡೆತಡೆದು ಹೇಳಿದಳು. ಇಷ್ಟು ಪ್ರಶ್ನೆಯನ್ನು ಮೊದಲ ದಿನವೇ ಕೇಳಿದ್ದರೆ ಎನ್ನಿಸಿತು. ಪಾಲಾಕ್ಷಪ್ಪನಿಗೂ ಹಾಗೆಯೇ ಅನ್ನಿಸಿರಬೇಕು, ಹಣೆ ಉಜ್ಜಿಕೊಂಡ.

"ಇಲ್ನೋಡು. ಬಣ್ಣ ಬ್ಯಾರೆ, ಗಾತ್ರ ಬ್ಯಾರೆ. ಒಳಗಿನ ಔಷಧಿ ಎರಡರಾಗೂ ಒಂದಾ. ಕುರಿದರಾಗ ಅದು ಎಷ್ಟೋ ಪಟ್ಟು ಜಾಸ್ತಿ ಐತಿ, ಮನಷ್ಯಾರಿಗೆ ಮಾಡಿದ್ದಲ್ಲ ಅದು. ಈ ಜಾತಿ ಗುಳಿಗಿ ಬರೀ ಹೊಟ್ಟಿಲಿ ದಿನಾ ಬಿದ್ದರ ಹೊಟ್ಟಿ ಒಳಗಾ ಹುಣ್ಣು ಮಾಡತೈತಿ, ರಕ್ತ ಒಸರತೈತಿ. ಮಂಡಿ ನೋವು ಹೋತು ಅಂತ ಇವ ನಡಿತಿರ್ತಾನ, ಒಳಗ ಹೊಟ್ಟಿ ಹರಿತಿರತೈತಿ."

ಭೂಮಿಕಾಗೆ ತಾನು ಕಟ್ಟಿದ ಒಂದೊಂದು ಗಂಟೂ ಕಣ್ಣ ಮುಂದೆ ಬಂತು.

"ಒಂದು ಕೇಳು. ಕಕ್ಕಸ ಕರ್ರಗ, ಡಾಂಬರಿನಂಗ ಆಗತೈತೇನು ಅಂತ. ಕಣ್ಣಿಗೆ ಕತ್ತಲಿ ಬರತೈತೇನು ಅಂತ. ಹೌದು ಅಂದರ ಒಂದು ತಾಸೂ ನಿಲ್ಲಬ್ಯಾಡ, ಹಡಗಲಿ ಆಸ್ಪತ್ರಿಗೆ ಕರಕಂಡು ಹೋಗು. ಈ ಎರಡೂ ಹಾಳಿ ಡಾಕ್ಟರಿಗೆ ತೋರಸು. ಇನ್ನ ಮ್ಯಾಲ ಇವನ್ನ ಮುಟ್ಟಬಾರದು."

ಮನೆಗೆ ಬಂದು ಇಷ್ಟನ್ನೂ ಹೇಳಿದಾಗ ಮರುಳಸಿದ್ದಮ್ಮ ಸೊಸೆಯನ್ನು ಅಡಿಯಿಂದ ಮುಡಿಯವರೆಗೂ ನೋಡಿದಳು.

"ಗಂಡನ್ನ ಕರಸ್ಕಳಾಕ ಚಲೋ ನೆಪ ಹುಡಿಕ್ಯಂಡಿ ಬಿಡು! ಬಟ್ಟಿ ಮೂಸಾದು ನಾ ನೋಡಿಲ್ಲ ಅಂತ ಮಾಡೀಯೇನು?"

ಭೂಮಿಕಾಳ ಮುಖಕ್ಕೆ ಕೆಂಡ ಸುರಿದಂತಾಯಿತು. ಅತ್ತೆಯ ಮಾತು ಪೂರಾ ಸುಳ್ಳೂ ಆಗಿರಲಿಲ್ಲ, ಅದಕ್ಕೇ ಅಷ್ಟು ಉರಿಯಿತು. ಅವನು ಬರಲಿ ಎಂಬ ಆಸೆ, ಅವನಿಗೆ ಏನಾದರೂ ಆದೀತೆಂಬ ಭಯ. ಎರಡೂ ಒಂದೇ ಎದೆಯಲ್ಲಿ ಹೆಣೆದುಕೊಂಡಿದ್ದವು. ಯಾವ ಎಳೆ ಯಾವುದೆಂದು ಬಿಡಿಸಿ ಅತ್ತೆಗೆ ತೋರಿಸುವುದು ಹೇಗೆ? ತನಗೇ ಗೊತ್ತಿಲ್ಲ.

ಬುತ್ತಿಯ ದಿನವಲ್ಲದಿದ್ದರೂ ಮರುದಿನ ಬೆಳಿಗ್ಗೆ ಬುತ್ತಿಯೊಂದಿಗೆ ರಸ್ತೆಗೆ ಬಂದಳು. ಜಂಬಯ್ಯ ಎಂದಿನಂತೆ ಕೈ ಚಾಚಿದ. "ಕೊಡು ತಂಗಿ."

ಇವನ ಬಾಯಲ್ಲಿ ಹೇಳಿ ಕಳಿಸಲೇ? ಪೂರಾ ಬಸ್ಸಿಗೆ ಕೇಳುವಂತೆ, ಕಕ್ಕಸಿನ ಮಾತು? ಹೇಳಿದರೂ ಹೊಳಲು ಮುಟ್ಟುವುದರೊಳಗೆ ಅರ್ಧ ಮರೆತು, ಉಳಿದದ್ದಕ್ಕೆ ನಗೆ ಬೆರೆಸಿರುತ್ತಾನೆ. ಅವಳು ಬುತ್ತಿಯನ್ನು ಕಂಕುಳಿಗೆ ಒತ್ತಿಕೊಂಡು ಮೆಟ್ಟಿಲೇರಿದಳು.

"ಅಯ್ಯ, ಇವತ್ತು ಬುತ್ತಿಗೆ ಕಾಲು ಬಂದ್ವೇನು!"

"ಹೌದಣ್ಣ, ಬಂದ್ವು," ಎಂದಳು. ಹಿಂದಿನ ಸೀಟಿನವರು ನಕ್ಕರು. ಕಿಟಕಿಯ ಕಡೆ ತಿರುಗಿ ಕೂತಳು.

ಹೊಳಲಿನ ಹತ್ತಿರ ಜಂಬಯ್ಯ ಇಳಿಸಿದ ಕಡೆಯಿಂದ ಕಾಲುವೆ ಏರಿ ಹಿಡಿದು ನಡೆದಳು. ಕುರಿಯ ದನಿಗಿಂತ ಮೊದಲು ವಾಸನೆ ಬಂತು, ಬಟ್ಟೆಯಲ್ಲಿ ಬರುತ್ತಿದ್ದದ್ದೇ, ಆದರೆ ಬಯಲು ತುಂಬ. ಜಾಲಿಯ ನೆರಳಿನಲ್ಲಿ ಹುಲುಗಣ್ಣ ಕಂಬಳಿ ಹಾಸಿ ಒರಗಿದ್ದ. ಎಷ್ಟು ಸಲ ಈ ಭೇಟಿಯನ್ನು ಮನಸ್ಸಿನಲ್ಲಿ ನಡೆಸಿ ನೋಡಿದ್ದಳು! ಅದರಲ್ಲಿ ಅವನು ನಗುತ್ತಿದ್ದ. ಈಗ ಮುಖ ಬಿಳಿಚಿಕೊಂಡಿತ್ತು, ತುಟಿ ಒಣಗಿತ್ತು.

"ಯಾಕಲೇ ಬಂದಿ? ಅವ್ವಗ ಏನಾತು?" ಗಾಬರಿಯಿಂದ ಎದ್ದವನು ಜಾಲಿಯ ಕೊಂಬೆ ಹಿಡಿದುಕೊಂಡ.

"ಅವ್ವಗ ಏನಿಲ್ಲ. ನಿಮ್ಮನ್ನ ಒಂದು ಕೇಳಾದಿತ್ತು." ಇಷ್ಟು ಹೇಳಿ ಕಾಲಬೆರಳಿನಿಂದ ಮಣ್ಣು ಕೆದರಿದಳು. ಅತ್ತ ದೊಡ್ಡಬೀರಪ್ಪ ಕುರಿ ಹಾಲು ಕಾಸುತ್ತಿದ್ದ. ಅವನಿಗೆ ಬೆನ್ನು ಮಾಡಿ, ದನಿ ಇಳಿಸಿ, ಕಕ್ಕಸಿನ ಬಣ್ಣ ಕೇಳಿದಳು.

ಹುಲುಗಣ್ಣ ಕಣ್ಣು ಬಿಟ್ಟುಕೊಂಡು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು, ನೋಯುತ್ತಿದ್ದರೂ ನಕ್ಕ. "ಎರಡು ತಿಂಗಳಿಗೆ ಗಂಡನ ಮುಖ ನೋಡಿ, ಮೊದಲನೇ ಮಾತು ಇದಾ?"

"ಹೇಳ್ರಿ." ಅವಳ ಕಣ್ಣು ತುಂಬಿದ್ದವು.

ಅವನ ನಗೆ ನಿಂತಿತು. "ಕರ್ರಗ ಐತಿ," ಎಂದ ಮೆಲ್ಲಗೆ. "ನಾಕೈದು ದಿನದಿಂದ. ಯಾರಿಗೆ ಹೇಳಾದು ಇದನ್ನ?"

"ಬಟ್ಟಿ ತುದಿಗೆ ಅದನ್ನೂ ಕಟ್ಟಾಕ ಬರಂಗಿಲ್ಲಲ್ಲ," ಎಂದಳು. ತಾನೇ ಆ ಮಾತಾಡಿದ್ದು ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ಕೈ ಚಾಚಿ ಅವನನ್ನು ಆನಿಸಿಕೊಂಡಳು. "ಏಳ್ರಿ. ಹಡಗಲಿಗೆ ಹೋಗಾನು."

"ಕುರಿ?"

"ಕುರಿ ನಾ ನೋಡ್ಕಂತೀನೋ, ನೀ ನಡಿ," ಎಂದ ದೊಡ್ಡಬೀರಪ್ಪ ಒಲೆಯ ಹತ್ತಿರದಿಂದ. ಅವನಿಗೆ ಎಲ್ಲ ಕೇಳಿಸಿತ್ತು.

ಹಡಗಲಿಯಲ್ಲಿ ಡಾಕ್ಟರು ಹಾಳೆಗಳನ್ನು ನೋಡಿದರು, ರೆಪ್ಪೆ ಎಳೆದು ನೋಡಿದರು, ಅಡ್ಮಿಟ್ ಮಾಡಿ ಸಲೈನ್ ಹಾಕಿಸಿದರು. ಇನ್ನೊಂದು ವಾರ ಹೀಗೇ ನುಂಗಿದ್ದರೆ ಬಸ್ಸಿನಲ್ಲಿ ಕೂತು ಬರುವ ಸ್ಥಿತಿ ಇರುತ್ತಿರಲಿಲ್ಲ ಎಂದರು. ಮನೆಗೆ ಕಳಿಸುವಾಗ ಹೊಟ್ಟೆಗೆ ಔಷಧಿ ಬರೆದು, ಮಂಡಿಗೆ ಪಟ್ಟಿ ಬಿಗಿದು, ನೋವು ತೀರಾ ಹೆಚ್ಚಾದರೆ ನುಂಗಲು ಸಾದಾ ಪ್ಯಾರಸಿಟಮಾಲ್ ಕೊಟ್ಟರು. ಎಷ್ಟು, ಎಷ್ಟೆಷ್ಟು ಹೊತ್ತು ಬಿಟ್ಟು ಎಂದು ತಿಳಿಸಿ, ಅದು ಮುಗಿದರೆ ಅಂಗಡಿಯಲ್ಲಿ ಕೊಳ್ಳದೆ ತಮ್ಮ ಹತ್ತಿರ ಬರಬೇಕೆಂದರು. ಎಲ್ಲಕ್ಕಿಂತ ದೊಡ್ಡ ಮದ್ದು, ಮುಂಗಾರಿನವರೆಗೆ ಕುರಿ ಹಿಂದೆ ನಡೆಯದಿರುವುದು.

ಮಗನ ಮುಖ ನೋಡಿದ ಮರುಳಸಿದ್ದಮ್ಮ ಒಳಗೆ ಹೋದಳು. ಮಾಡದಲ್ಲಿದ್ದ ಕುರಿ ಗುಳಿಗೆಯನ್ನು ತೆಗೆದು, ಕುರಿಯ ಕತ್ತರಿ, ಉಣ್ಣೆಹಗ್ಗ ಇಡುವ ಬುಟ್ಟಿಗೆ ಹಾಕಿದಳು. ಕಂಬಳಿ ಹೆಗಲಿಗೇರಿಸಿ ಹೊರಗೆ ಬಂದಳು.

"ಕುರಿ ನೋಡಾಕ ನಾ ಹೋಗ್ತೀನಿ. ನಾನೂ ಕುರುಬರ ಮಗಳಾ. ಬುತ್ತಿ ಮಾತ್ರ ತಪ್ಪಸಬ್ಯಾಡ," ಎಂದಳು ಸೊಸೆಗೆ. ಒಂದು ಹೆಜ್ಜೆ ಹೋದವಳು ತಿರುಗಿದಳು. "ನಾ ಅಂದಿದ್ದು ಮನಸಿನಾಗ ಇಟ್ಕಬ್ಯಾಡ, ಯವ್ವಾ."

ಹೀಗೆ ಭೂಮಿಕಾ ಬಯಸಿದ್ದು ಸಿಕ್ಕಿತು. ಹುಲುಗಣ್ಣ ದಿನವಿಡೀ ಕಟ್ಟೆಯ ಮೇಲಿರುತ್ತಿದ್ದ. ಮೆದು ಅನ್ನ, ಮಜ್ಜಿಗೆ ಅವಳ ಕೈಯಿಂದಲೇ ಉಣ್ಣುತ್ತಿದ್ದ. ಮಂಡಿ ನೊಂದ ದಿನ, "ಮೊದಲು ಉಣ್ರಿ, ಆಮ್ಯಾಲ ಗುಳಿಗಿ," ಎಂದರೆ, "ಆತವ್ವಾ ಡಾಕ್ಟರಮ್ಮಾ," ಎಂದು ಕೈ ಮುಗಿಯುತ್ತಿದ್ದ. ನಗುತ್ತಿದ್ದ. ಆದರೆ ಊರ ಹೊರಗೆ ಎಲ್ಲಾದರೂ ಕುರಿ ಕೂಗಿದರೆ ಮಾತು ನಿಲ್ಲಿಸಿ ಕತ್ತು ತಿರುಗಿಸುತ್ತಿದ್ದ. ಆಗ ಅವಳು ಪಕ್ಕದಲ್ಲೇ ಇದ್ದರೂ ಅವನಿಗೆ ಕಾಣುತ್ತಿರಲಿಲ್ಲ.

ಬುತ್ತಿ ಬಟ್ಟೆ ವಾಪಸ್ ಬಂದ ಸಂಜೆ ಅದನ್ನು ಕಟ್ಟೆಯ ಮೇಲೆ ಇಟ್ಟು, ನೀರು ಕಾಯಿಸಲು ಒಳಗೆ ಹೋದಳು. ರೊಟ್ಟಿಯೆಲ್ಲ ತೀರಿತ್ತು, ತುದಿಯಲ್ಲಿ ಏನನ್ನೂ ಕಟ್ಟಿರಲಿಲ್ಲ. ಒಗೆಯಲೆಂದು ಹೊರಗೆ ಬಂದವಳು ಬಾಗಿಲಲ್ಲೇ ನಿಂತಳು.

ಹುಲುಗಣ್ಣ ಬಟ್ಟೆಯನ್ನು ಎರಡೂ ಕೈಯಿಂದ ಮುಖಕ್ಕೆ ಒತ್ತಿಕೊಂಡಿದ್ದ. ಕಣ್ಣು ಮುಚ್ಚಿತ್ತು.

ಭೂಮಿಕಾ ಸದ್ದಾಗದಂತೆ ಒಳಗೆ ಹೋದಳು. ಇವತ್ತು ಬಟ್ಟೆ ಒಗೆಯುವುದು ಬೇಡ ಎಂದುಕೊಂಡು ಒಲೆಯ ಉರಿ ತಗ್ಗಿಸಿದಳು.